ಗಾಳಿಯಾಡದ ಟೆಂಟು

ಲಾರಿಗಳಿಗೆ ಟಾರ್ಪಾಲು ಹೊಲಿಯುತ್ತಿದ್ದ ಇಸಾಕ್ ಸಾಬರಿಗೆ ಟೆಂಟಿನ ಆರ್ಡರ್ ಬಂದದ್ದು ೧೯೯೮ರಲ್ಲಿ, ಅದೇ ಮೊದಲು. ಉಪ್ಪಾರಹಳ್ಳಿಯ ಅವರ ಮನೆಯ ಮುಂಗೋಣೆಯೇ ಅಂಗಡಿ. ಗುಬ್ಬಿಯ ಕಾಲೇಜೊಂದರಲ್ಲಿ ಲೆಕ್ಚರರ್ ಆಗಿದ್ದ ಸುಧಾ ಅಲ್ಲಿಗೆ ಹುಡುಕಿಕೊಂಡು ಬಂದಿದ್ದರು. ಡಿಸೆಂಬರಿನಲ್ಲಿ ಹನ್ನೆರಡು ಹುಡುಗಿಯರನ್ನು ಸಿ.ಎಸ್. ಪುರದ ಕಡೆಯ ತೋಪಿಗೆ ಮೂರು ದಿನದ ಕ್ಯಾಂಪಿಗೆ ಕರೆದೊಯ್ಯುವವರಿದ್ದರು.

"ಹೋದ್ ಸಲ ಶಾಮಿಯಾನದಲ್ಲಿ ಮಲಗಿ ಎಲ್ರಿಗೂ ನೆಗಡಿ ಆಯ್ತು ಸಾಬ್ರೇ. ಕೆಳಗಿಂದ ತೇವ, ಪಕ್ಕದಿಂದ ಗಾಳಿ, ಜೊತೆಗೊಂದು ಚೇಳು. ಈ ಸಲ ಇರುವೆ ನುಗ್ಗೋಷ್ಟೂ ಸಂದು ಇರ್ಬಾರ್ದು. ನೈಲಾನ್ ತಗೊಳ್ಳೋಣ್ವಾ?"

"ನೈಲಾನು ಹೊತ್ಕೊಂಡು ಹೋಗೋಕೆ ಹಗುರ ಮೇಡಮ್. ಆದ್ರೆ ಮುಳ್ಳು ತಗುಲಿದ್ರೆ ಹರಿದೋಯ್ತದೆ. ನೀವು ಟೆಂಪೋದಲ್ಲಿ ತಾನೇ ಹೋಗೋದು? ಕ್ಯಾನ್ವಾಸೇ ಇರ್ಲಿ."

ಸಾಬರು ಟೆಂಟಿನ ಗೋಡೆಗೆ ನೆಲಹಾಸನ್ನು ಸೇರಿಸಿ ಹೊಲಿದರು. ಹೊಲಿಗೆಯ ಉದ್ದಕ್ಕೂ ಮೇಣ ಉಜ್ಜಿದರು. ಬಾಗಿಲಿಗೆ ದಪ್ಪ ಜಿಪ್ಪು ಹಾಕಿದರು. ಸುಧಾ ಹೇಳಿದ್ದ ಎರಡು ಟೆಂಟುಗಳಲ್ಲಿ ಮೊದಲನೆಯದು ಮುಗಿದಾಗ ತಾರಸಿಯ ಮೇಲೆ ಕಟ್ಟಿ ನಿಲ್ಲಿಸಿ, ಸುತ್ತ ನಡೆದು ನೋಡಿ ಹಿಗ್ಗಿದರು.

ಅವತ್ತು ಮಧ್ಯಾಹ್ನ ಮೋಡ ಕವಿದು ಥಂಡಿಯಿತ್ತು. ನೀರು ಸೋರುತ್ತದೆಯೋ ಎಂದು ಪರೀಕ್ಷಿಸಲು ಅವರು ಟೆಂಟಿನ ಮೇಲೆ ಬಕೆಟ್‌ಗಟ್ಟಲೆ ನೀರು ಸುರಿದರು. ಹೆಂಡತಿ ಬೀಬಿಜಾನ್ ಒಳಗೆ ಕೂತಿದ್ದರು.

"ಒಂದು ಹನೀನೂ ಇಲ್ಲ ಕಣ್ರೀ!" ಒಳಗಿಂದ ಕೂಗಿದರು. "ಆದ್ರೆ ಚಳಿ. ಇದ್ದಿಲು ಒಲೆ ತಂದ್ಕೊಡಿ. ಆ ಮಕ್ಕಳಿಗೆ ಎಷ್ಟು ಬೆಚ್ಚಗಿರ್ತದೋ ನೋಡ್ತೀನಿ."

ಸಾಬರು ಹೊಗೆ ಆರಿದ ಕೆಂಡದ ಒಲೆ ತಂದು ಒಳಗಿಟ್ಟು, ಜಿಪ್ಪೆಳೆದು ನಮಾಜಿಗೆ ಹೋದರು. ಮುಕ್ಕಾಲು ಗಂಟೆ ಬಿಟ್ಟು ಬಂದು ಕೂಗಿದರು. ಉತ್ತರವಿಲ್ಲ. ಬೆಚ್ಚಗಾಗಿ ನಿದ್ದೆ ಹತ್ತಿರಬೇಕೆಂದು ನಗುತ್ತಲೇ ಜಿಪ್ಪು ತೆಗೆದರು.

ಬೀಬಿಜಾನ್ ಒಂದು ಪಕ್ಕಕ್ಕೆ ವಾಲಿಕೊಂಡಿದ್ದರು. ಭುಜ ಹಿಡಿದು ಅಲ್ಲಾಡಿಸಿದರೆ ಕತ್ತು ಹಿಂದಕ್ಕೆ ಬಿತ್ತು. ಸಾಬರು ತೋಳು ಹಿಡಿದು ಹೊರಗೆಳೆಯುತ್ತ ಕೂಗಿಕೊಂಡರು. ಪಕ್ಕದ ಮನೆಯ ಶಿವರುದ್ರಮ್ಮ ಓಡಿ ಬಂದವರೇ ಆಟೋ ನಿಲ್ಲಿಸಿದರು.

ನರ್ಸಿಂಗ್ ಹೋಮಿನಲ್ಲಿ ಆಕ್ಸಿಜನ್ ಕೊಟ್ಟು ಎರಡು ಗಂಟೆಯಾದ ಮೇಲೆ ಬೀಬಿಜಾನ್ ಕಣ್ಣು ಬಿಟ್ಟರು. "ತಲೆ ಸಿಡೀತದೆ" ಎಂದರು.

"ಹೊಗೇನೇ ಇರ್ಲಿಲ್ವಲ್ಲ ಡಾಕ್ಟ್ರೇ?" ಎಂದು ಸಾಬರು ಕೇಳಿದರು.

"ಇದ್ದಿಲಿನ ವಿಷಗಾಳಿ ಕಣ್ಣಿಗೆ ಕಾಣಲ್ಲ, ವಾಸನೇನೂ ಬರಲ್ಲ. ನೀವು ನೀರು ಸುರಿದಿದ್ದಕ್ಕೆ ಟೆಂಟಿನ ಬಟ್ಟೆ ನೆನೆದು ಇನ್ನೂ ಬಿಗಿಯಾಗಿದೆ, ಗಾಳಿ ಆಡಿಲ್ಲ. ನೀವು ಇನ್ನೊಂದು ಸ್ವಲ್ಪ ತಡ ಮಾಡಿದ್ರೆ..." ಡಾಕ್ಟರು ಮುಂದೆ ಹೇಳಲಿಲ್ಲ.

ಮಾರನೆಯ ದಿನವೇ ಸಾಬರು ಬಸ್ಸು ಹತ್ತಿ ಗುಬ್ಬಿಗೆ ಹೋದರು. ಸ್ಟಾಫ್ ರೂಮಿನಲ್ಲಿ ನಿಂತೇ ಎಲ್ಲ ಹೇಳಿದರು. ಕೇಳುತ್ತ ಕೇಳುತ್ತ ಸುಧಾರ ಮುಖ ಬಿಳಿಚಿಕೊಂಡಿತು. ಡ್ರಾಯರಿನಿಂದ ಕ್ಯಾಂಪಿನ ಸಾಮಾನಿನ ಪಟ್ಟಿ ತೆಗೆದು ಅವರ ಮುಂದಿಟ್ಟರು. ಜಮಖಾನ, ಟಾರ್ಚು, ತಟ್ಟೆ ಲೋಟಗಳ ಕೆಳಗೆ ದುಂಡಗೆ ಬರೆದಿತ್ತು: 'ಇದ್ದಿಲು ಒಂದು ಮೂಟೆ. ಒಲೆ ಎರಡು, ಟೆಂಟಿಗೆ ಒಂದೊಂದು.'

"ರಾತ್ರಿಯೆಲ್ಲ ಇಟ್ಟು ಮಲಗಿಸ್ಬೇಕು ಅಂತಿದ್ದೆ ಸಾಬ್ರೇ" ಎಂದರು. "ಹನ್ನೆರಡು ಮಕ್ಳು!"

ಸುಧಾ ಆ ಸಾಲನ್ನು ಕಾಗದ ಹರಿಯುವಷ್ಟು ಒತ್ತಿ ಹೊಡೆದುಹಾಕಿ, 'ಕಂಬಳಿ, ತಲೆಗೆರಡು' ಎಂದು ಬರೆದರು. ಸಾಬರು ಮನೆಗೆ ಬಂದು, ಅಷ್ಟು ಅಚ್ಚುಕಟ್ಟಾಗಿ ಹೊಲಿದಿದ್ದ ಗೋಡೆಗಳಿಗೆ ಕತ್ತರಿ ಹಾಕಿದರು. ಮೇಲೆರಡು, ಕೆಳಗೆರಡು ಕಿಟಕಿ ಕೊಯ್ದು ಸೊಳ್ಳೆ ಬಲೆ ಹೊಲಿದರು. ಹೊಲಿಗೆ ಸೊಟ್ಟಗೆ ಬಂತು. ಬಿಚ್ಚಲಿಲ್ಲ.

ಜನವರಿಯಲ್ಲಿ ಸುಧಾ ಅಂಗಡಿಗೆ ಬಂದರು. "ಹುಡ್ಗೀರು ಚಳಿ ಚಳಿ ಅಂತ ನನ್ನ ಬೈಕೊಂಡ್ರು. ಬೈಲಿ ಬಿಡಿ. ಮೂರು ದಿನಾನೂ ಬೆಳಗಾಗ್ತಿದ್ದಂಗೆ ಒಬ್ಬೊಬ್ಬರ ಹೆಸ್ರು ಹಿಡಿದು ಕೂಗಿದೆ. ಓ ಅನ್ನೋವರೆಗೂ ಎದೆ ಹೊಡ್ಕೋತಿತ್ತು."

"ನನಗೂ ಆ ಭಯ ಇನ್ನೂ ಹೋಗಿಲ್ಲ ಮೇಡಮ್" ಎಂದರು ಸಾಬರು.

"ಅಯ್ಯೋ, ಕೇಳ್ಬೇಡಿ" ಎಂದು ಬೀಬಿಜಾನ್ ಒಳಗಿಂದ ಗೊಣಗಿದರು. "ಮಧ್ಯಾಹ್ನ ಒಂದು ಗಳಿಗೆ ಕಣ್ಮುಚ್ಚಕ್ಕೆ ಬಿಡಲ್ಲ. ಬಂದು ಅಲ್ಲಾಡಿಸ್ತಾನೇ ಇರ್ತಾರೆ."