ಬದುಕಿದ ಮಗನಿಗೆ ಹೆಣದ ಹಾಡು

ಪ್ರೇಕ್ಷಕರನ್ನು ಅಳಿಸುವುದರಲ್ಲಿ ಸಾನಪಾಡಾದ ಸುಪ್ರೀತನದು ಎತ್ತಿದ ಕೈ. ಮೈಸೂರಿನಿಂದ ಬಂದು ಸಾಕ್ಷ್ಯಚಿತ್ರಗಳಲ್ಲಿ ಹೆಸರು ಮಾಡಿದವನು. ಪಕ್ಕದ ತುರ್ಭೆಯ ಜೋಪಡಿಗಳನ್ನು ಪಾಲಿಕೆಯವರು ಕೆಡವಲು ಶುರುಮಾಡಿದಾಗ, ಚುನಾವಣೆಗೆ ಮುನ್ನ ಒಂದು ಚಿತ್ರ ತೆಗೆದು ಅದನ್ನು ತಡೆಯುತ್ತೇನೆಂದು ಹೊರಟ. ಉದ್ದೇಶ ಒಳ್ಳೆಯದೇ, ಅಲ್ಲವೆನ್ನಲಾಗದು.

ಅಲ್ಲಿ ಸಿಕ್ಕವಳು ಯಾದಗಿರಿ ಕಡೆಯ ಬಾಲಮ್ಮ. ಗಂಡ ಸೈದಪ್ಪ ತೀರಿಕೊಂಡಾಗ ಹೆಣದ ಮುಂದೆ ಹೇಗೆ ಹಾಡಿಕೊಂಡು ಅತ್ತಿದ್ದಳೋ, ಕ್ಯಾಮೆರಾದ ಮುಂದೆಯೂ ಹಾಗೆಯೇ ಹಾಡಿದಳು. "ಇದು ಸತ್ತವರಿಗಷ್ಟ ಹಾಡೂದು, ಯಪ್ಪಾ. ಬ್ಯಾರೆ ಯಾತಕ್ಕೂ ಹಚ್ಚಬ್ಯಾಡ," ಎಂದು ಹೇಳಿಯೂ ಇದ್ದಳು. ಸುಪ್ರೀತ ತಲೆಯಾಡಿಸಿದ್ದ.

ಆದರೆ ಎಡಿಟಿಂಗಿಗೆ ಕೂತಾಗ ಆಸೆ ತಡೆಯಲಾಗಲಿಲ್ಲ. ಬಾಲಮ್ಮನ ಮಗ ಮಾಪಣ್ಣ, ಮಾರ್ಕೆಟ್ಟಿನ ಹಮಾಲ, ಜೆಸಿಬಿಯ ಧೂಳಿನಲ್ಲಿ ನಿಂತ ದೃಶ್ಯವೊಂದಿತ್ತು. ಅದನ್ನು ನಿಧಾನಗೊಳಿಸಿ, ಬಣ್ಣ ತೆಗೆದು, ಮೇಲೆ ತಾಯಿಯ ಹಾಡು ಕೂಡಿಸಿದ. ನೋಡಿದವರಿಗೆ ಮಗ ಸತ್ತೇಹೋದನೆನ್ನಿಸಬೇಕು. ಸತ್ತನೆಂದು ಎಲ್ಲೂ ಹೇಳಿಲ್ಲವಲ್ಲ, ಆಹಾ, ಎಂಥ ಜಾಣತನ! "ಇದನ್ನ ನೋಡಿ ಯಾರಾದ್ರೂ ಅಳದೆ ಎದ್ದುಹೋಗ್ಲಿ, ನೋಡೋಣ," ಎಂದು ಹೆಂಡತಿ ಯಾಮಿನಿಯ ಮುಂದೆ ಕೊಚ್ಚಿಕೊಂಡ. ಹತ್ತಿರದ ವಾಶಿಯ ಸಭಾಂಗಣದಲ್ಲಿ ತೋರಿಸಿದಾಗ ಜನ ಬಿಕ್ಕಿದರು. ಪುಢಾರಿಯೊಬ್ಬ ಕಣ್ಣೊರೆಸಿಕೊಂಡು, ಕೆಡವುವುದನ್ನು ನಿಲ್ಲಿಸುತ್ತೇನೆಂದು ಮಾತು ಕೊಟ್ಟ.

ಆಮೇಲೆ ಜೋಪಡಿಯವರಿಗೂ ತೋರಿಸೋಣವೆಂದು ತುರ್ಭೆಯಲ್ಲಿ ಬಿಳಿ ಚಾದರ ಕಟ್ಟಿದರು. ಆ ದೃಶ್ಯ ಬಂತು. ಒಬ್ಬರೂ ಅಳಲಿಲ್ಲ. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು, ಮುಂದೆ ಕೂತಿದ್ದ ಮಾಪಣ್ಣನ ಕಡೆ ತಿರುಗಿದರು. ಬಾಲಮ್ಮ ದಡಕ್ಕನೆ ಎದ್ದು ಮಗನ ಕೆನ್ನೆ ಸವರಿ ನೆಟಿಗೆ ಮುರಿದಳು.

"ಥೂ ನಿನ್ನ! ಜೀವಂತ ಮಗನ ಮ್ಯಾಲ ಹೆಣದ ಹಾಡು ಹಚ್ಚಿದೇನೋ? ನಿಮ್ಮವ್ವ ನಿನಗ ಹಿಂಗ ಹಾಡ್ಯಾಳೇನು?"

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಸುಪ್ರೀತನಿಗೆ. "ತಪ್ಪಾಯ್ತಮ್ಮ. ನೀವು ಹೇಳಿದ್ರಿ. ಗೊತ್ತಿದ್ದೂ ಮಾಡ್ದೆ. ಇವತ್ತೇ ತೆಗೆದುಬಿಡ್ತೀನಿ."

"ತೆಗೀಬ್ಯಾಡ್ರಿ ಸರ," ಎಂದ ಮಾಪಣ್ಣ. "ಅದನ್ನ ನೋಡೇ ಅಲ್ಲೇನ್ರಿ ಆ ಸಾಹೇಬ ಕರಗಿದ್ದು? ಮನಿ ಉಳೀತದಂದ್ರ, ಅದರಾಗ ನಾ ಸತ್ತಾಂಗೇ ಇರ್ಲಿ."

ಸುಪ್ರೀತನಿಗೆ ಮೊದಲು ಆದದ್ದು ನೆಮ್ಮದಿ. ಅಬ್ಬ, ಸೀನು ಉಳಿಯಿತು! ಮರುಕ್ಷಣ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಬಾಲಮ್ಮ ಮಗನ ಮುಖವನ್ನೇ ನೋಡಿದಳು. ಆಮೇಲೆ ಸುಪ್ರೀತನ ಕಡೆ ತಿರುಗಿ, "ಖರೇ ಹೇಳು. ಮನಿ ಉಳೀತದೇನು?" ಎಂದು ಕೇಳಿದಳು.

"ಗೊತ್ತಿಲ್ಲಮ್ಮ," ಎಂದ.

ಅವಳು ಮಗನ ಕೈ ಹಿಡಿದು ಎಬ್ಬಿಸಿದಳು.

"ಇರ್ಲಿ, ತೆಗೀಬ್ಯಾಡ," ಎಂದಳು. "ನನ್ನ ಕಿವಿಗೆ ಬೀಳದಂಗ ತೋರ್ಸು."