ತೊಂಬತ್ತು ಅಂದರೆ ಒಂಬತ್ತು

ಧಾರವಾಡದ ಲ್ಯಾಬಿನಲ್ಲಿ ನಾನು ಪಿಪೆಟ್ ಹಿಡಿದು ನಿಂತೆನೆಂದರೆ ಕಿತ್ತೂರು ಕೋಟೆಯ ಪಾರಿವಾಳಗಳು ಕೂಡ ರೆಕ್ಕೆ ಬಡಿಯುವುದನ್ನು ನಿಲ್ಲಿಸುತ್ತವೆ. ಪರಿಸರ ರಸಾಯನಶಾಸ್ತ್ರದ ಎಂ.ಎಸ್ಸಿ.ಯಲ್ಲಿ ನನ್ನಂಥ ವಿದ್ಯಾರ್ಥಿ ಹಿಂದೆ ಹುಟ್ಟಿಲ್ಲ. ಮುಂದೆ ಹುಟ್ಟುವುದೂ ಅನುಮಾನ. ಆದರೆ ನೇಸರಗಿಯ ನಮ್ಮ ಮನೆಯಲ್ಲಿ ಇದನ್ನು ಯಾರೂ ಒಪ್ಪುವುದಿಲ್ಲ. ಈ ಗೌರೀಶ ಹತ್ತು ಹೇಳಿದರೆ ಒಂದು ಎಂದು ಹಿಡಿಯುವ ಪದ್ಧತಿ ಅಲ್ಲಿ ನನಗೆ ಮೀಸೆ ಬರುವ ಮೊದಲೇ ಜಾರಿಗೆ ಬಂದಿತ್ತು.

ಅಕ್ಕ ಮಹಾನಂದಾ ಬಾಣಂತನಕ್ಕೆ ಬಂದಿದ್ದಳು. ಎದೆಹಾಲು ಸಾಲದೆ ಕೂಸಿಗೆ ಪೌಡರ್ ಹಾಲು ಕಲಸಬೇಕಾಗಿತ್ತು. ಅದಕ್ಕೆ ಬಸ್ ನಿಲ್ದಾಣದ ಹತ್ತಿರದ ಫಿಲ್ಟರ್ ನೀರೇ ಆಗಬೇಕು. ಆ ಯಂತ್ರವೋ ದುಡಿದಿದ್ದಕ್ಕಿಂತ ಮಲಗಿದ್ದೇ ಹೆಚ್ಚು.

"ತಮ್ಮಾ, ನಮ್ಮ ಬೋರಿನ ನೀರು ಕೂಸಿಗೆ ನಡೀತೈತೇನು, ಒಂದೀಟು ನೋಡಿ ಹೇಳೋ," ಎಂದಳು.

"ಒಂದೀಟ್ಯಾಕ? ಆ ನೀರಿನ ಏಳು ತಲೆಮಾರಿನ ಜಾತಕ ತಗೀತೇನಿ."

ತೊಳೆದ ಬಾಟಲಿಯನ್ನು ಅಜ್ಜಿ ಬಾಯವ್ವನ ಕೈಗಿಟ್ಟೆ. ನಮಗೆಲ್ಲ ಆಕೆ ಆಯಿ. "ಇದನ್ನ ತುಂಬಿಡು, ಲ್ಯಾಬಿಗೆ ಒಯ್ಯಬೇಕು" ಎಂದಷ್ಟೇ ಹೇಳಿ, ಕಟ್ಟೆಯ ಮೇಲೆ ಕೂತವರಿಗೆ ಪ್ರಪಂಚದ ನೀರಿನ ಸ್ಥಿತಿಗತಿ ವಿವರಿಸಲು ಹೋದೆ.

ನಮ್ಮ ಹಿತ್ತಲಲ್ಲಿ ಬೋರು, ಅದರ ಪಕ್ಕದಲ್ಲೇ ತಿಪ್ಪೆ. ತಿಪ್ಪೆಯಿಂದ ನೆಲಕ್ಕಿಳಿಯುವ ನೈಟ್ರೇಟು ದೊಡ್ಡವರ ಹೊಟ್ಟೆಯಲ್ಲಿ ಸುಮ್ಮನಿದ್ದೀತು. ಹಸುಗೂಸಿನ ರಕ್ತ ಮಾತ್ರ ಉಸಿರನ್ನು ಹೊರಲಾರದಂತಾಗಿ, ಕೂಸು ನೀಲಿಗಟ್ಟುತ್ತದೆ. ಈ ವಿಷಯವನ್ನು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು, ತಿದ್ದುವವರ ಕಣ್ಣಲ್ಲಿ ನೀರು ತರಿಸಿದವನು ನಾನು.

ಧಾರವಾಡದಲ್ಲಿ ಅಳೆದು ನೋಡಿದರೆ ನೈಟ್ರೇಟು ಇಲ್ಲವೆಂದೇ ಹೇಳಬೇಕು. ಕೂಡಲೇ ಫೋನ್ ಹಚ್ಚಿದೆ. "ಅಕ್ಕಾ, ನೀರಲ್ಲ ಅದು, ಅಮೃತ! ಹಿಮಾಲಯದಾಗೂ ಸಿಗಂಗಿಲ್ಲ. ನಾಳಿಂದನ ಕಲಸು."

ಗೆದ್ದ ಹುಮ್ಮಸ್ಸಿನಲ್ಲಿ ಅದೇ ನೀರಿನ ಗಡಸುತನ ಅಳೆಯಲು ಕೂತೆ. ಮೊದಲ ಹನಿಗಳಿಗೇ ಬಣ್ಣ ತಿರುಗಿಬಿಟ್ಟಿತು. ಗಡಸೇ ಇಲ್ಲ! ನಮ್ಮ ಬೋರಿನ ನೀರಿಗೆ ತೊಗರಿಬೇಳೆ ಬೇಯುವುದಿಲ್ಲ, ಸಾಬೂನು ನೊರೆಯಾಗುವುದಿಲ್ಲ, ಹಂಡೆಯೊಳಗೆ ಬಿಳಿ ಹಕ್ಕಳೆ ಕಟ್ಟುತ್ತದೆ. ಮಳೆಯಂಥ ಈ ನೀರು ಎಲ್ಲಿಯದು?

ಮತ್ತೆ ಫೋನ್ ಮಾಡಿ, "ತಡಿ ಅಕ್ಕಾ, ನಾ ಬರೂತನ ಕಲಸಬ್ಯಾಡ" ಎಂದೆ. ಊರಲ್ಲೇ ಪರೀಕ್ಷಿಸುವ ಸಣ್ಣ ಕಿಟ್ಟನ್ನು ಚೀಲಕ್ಕೆ ತುರುಕಿ, ಬೆಳಿಗ್ಗೆ ಮೊದಲ ಬಸ್ಸು ಹತ್ತಿದೆ. ಬಸ್ಸು ಎಂದಿನಂತೆಯೇ ಓಡಿತು. ನೇಸರಗಿ ಬರುವಷ್ಟರಲ್ಲಿ ನನ್ನ ಗಡ್ಡ ಮಾತ್ರ ನೆರೆತಿತ್ತು.

ಆಯಿ ತಲೆಬಾಗಿಲಲ್ಲೇ ಸಿಕ್ಕಳು.

"ಆಯಿ, ಬಾಟಲಿಗೆ ಯಾವ ನೀರು ಹಾಕಿದ್ದಿ?"

"ಕ್ಯಾನಿಂದು."

"ಫಿಲ್ಟರ್ ನೀರ?"

"ಮತ್ತ? ದೊಡ್ಡ ದೊಡ್ಡ ಸರ್‌ಗೋಳ ಮುಂದ ಇಡೂ ನೀರು. ಆ ಸವಳ ನೀರು ಕಳಿಸಿ ಮನಿ ಮಾನ ಕಳೀಲೇನು? ಮನ್ಯಾಗ ಛಲೋ ಇದ್ದದ್ದ ಕೊಟ್ಟೇನಿ."

ಆಕೆಯನ್ನು ಬೈಯಲು ತೆರೆದ ಬಾಯಿಂದ ನನ್ನನ್ನೇ ಬೈದುಕೊಂಡೆ. ಚರಿತ್ರೆಯಲ್ಲಿ ಇದೇ ಮೊದಲು. ಮನೆಯೊಳಗಿನ ಒಳ್ಳೆಯದನ್ನು ಹೊರಗಿನವರ ಕೈಗಿಡುವುದನ್ನೇ ಆಕೆ ಜೀವಮಾನವಿಡೀ ಮಾಡಿದವಳು. ನನ್ನ ಶಾಸ್ತ್ರವೋ, ಇದ್ದುದನ್ನು ಇದ್ದಂತೆ ಕೊಡು ಎನ್ನುತ್ತದೆ. ಅದನ್ನು ಆಕೆಗೆ ಹೇಳದೆ ಕಟ್ಟೆಗೆ ಹೋಗಿದ್ದೆ.

ಬೋರನ್ನು ಸ್ವಲ್ಪ ಹೊತ್ತು ಹರಿಯಬಿಟ್ಟು, ಅದೇ ನೀರಿನಲ್ಲಿ ಬಾಟಲಿ ತೊಳೆದು ತುಂಬಿದೆ. ಹಿತ್ತಲಲ್ಲೇ ಕಿಟ್ಟಿನ ಪುಡಿ ಹಾಕಿ, ಬಣ್ಣ ತಾಳೆ ನೋಡಿ, ಓಡಿಬಂದೆ.

"ಅಕ್ಕಾ, ನೈಟ್ರೇಟು ತೊಂಬತ್ತೈತಿ! ನಲವತ್ತೈದು ದಾಟಬಾರದು."

ಆಯಿ ತೊಟ್ಟಿಲು ತೂಗುತ್ತಲೇ ನಕ್ಕಳು. "ನೀ ತೊಂಬತ್ತಂದ್ರ ಒಂಬತ್ತ. ನಡೀತೈತಿ ತಗೋ. ಮ್ಯಾಲ ಕುದಿಸೇ ಕೊಡತೇವಲ್ಲ."

"ಕುದಿಸಿದ್ರ ಇನ್ನಷ್ಟು ಹೆಚ್ಚಾಗತೈತಿ ಆಯಿ. ಸಾರು ಬತ್ತಿದಾಂಗ. ನೀರು ಹೋಗತೈತಿ, ಉಪ್ಪು ಉಳೀತೈತಿ."

"ನಿನ್ನಿ ಅಮೃತ ಅಂದಿ, ಇವತ್ತ ವಿಷ ಅಂತಿ," ಎಂದಳು ಅಕ್ಕ. "ಯಾವದ ನಂಬಲೋ, ಮಾರಾಯಾ?"

ನಾನು ಮಾತಿನಲ್ಲೇ ಕೊಂದ ಹಾವುಗಳು, ಈಜಿದ ಹೊಳೆಗಳು, ಗಳಿಸಿದ ಅಂಕಗಳು ಎಲ್ಲವೂ ಸಾಲಾಗಿ ಬಂದು ಆ ಒಂದು ನಿಜದ ಸಂಖ್ಯೆಯ ಮೇಲೆ ಕೂತಿದ್ದವು.

ಮಾತು ಬಿಟ್ಟೆ. ಎರಡು ಗಾಜಿನ ನಳಿಕೆ ತಂದೆ. ಒಂದಕ್ಕೆ ಆಯಿಯ ಕೈಯಿಂದಲೇ ಕ್ಯಾನಿನ ನೀರು ಹಾಕಿಸಿದೆ, ಇನ್ನೊಂದಕ್ಕೆ ಅಕ್ಕನ ಕೈಯಿಂದ ಬೋರಿನ ನೀರು. ಎರಡಕ್ಕೂ ಒಂದೇ ಪುಡಿ. ಅಲುಗಾಡಿಸಿ ಕಿಟಕಿಯ ಬೆಳಕಿಗೆ ಹಿಡಿದೆ. ಕ್ಯಾನಿನದು ತಿಳಿಯಾಗೇ ಉಳಿಯಿತು. ಬೋರಿನದರಲ್ಲಿ ಗುಲಾಬಿ ಬಣ್ಣ ಮೂಡಿತು, ನೋಡನೋಡುತ್ತ ಗಾಢವಾಯಿತು.

ಆಯಿ ಆ ನಳಿಕೆಯನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. "ಇದರಾಗ ನಿಂದೇನೂ ಕೂಡಿಸಿಲ್ಲಲ್ಲ?"

"ಇಲ್ಲ ಆಯಿ. ಇದ್ದಷ್ಟ."

ಆಕೆ ಎದ್ದು ಕ್ಯಾನನ್ನು ತೊಟ್ಟಿಲ ಬದಿಗೆ ಎಳೆದಳು. "ಇದು ಕೂಸಿಂದು. ಯಾರೂ ಮುಟ್ಟಬ್ಯಾಡ್ರಿ. ಬೀಗರು ಬಂದ್ರೂ ಅಷ್ಟ."

ಆಮೇಲೆ ಗುಲಾಬಿ ನಳಿಕೆ ಹಿಡಿದು ಪಕ್ಕದ ಸಾವಂತ್ರೆವ್ವನ ಮನೆಗೆ ಹೊರಟಳು. ಅಲ್ಲಿಯೂ ಒಂದು ಕೂಸಿತ್ತು. ಗೋಡೆಯಾಚೆಯಿಂದ ಧ್ವನಿ ಬಂತು: "ರಕ್ತ ಆತವ್ವಾ, ರಕ್ತ! ನಮ್ಮ ಬೋರು ರಕ್ತ ಕಾರಿತು!"

ನನ್ನ ಪ್ರತಿಭೆ ಎಲ್ಲಿಂದ ಬಂತೆಂದು ತಿಳಿಯಿತು. ಗೋಡೆ ಹತ್ತಿ ಕೂಗಿದೆ:

"ಆಯೀ, ಗುಲಾಬಿ ಅನ್ನು! ಬರೀ ಗುಲಾಬಿ! ಇಲ್ಲಾಂದ್ರ ಅವರೂ ಹತ್ತರಾಗ ಒಂದ ಹಿಡೀತಾರ!"