ಚುಕ್ಕಿ ಇನ್ನೂ ಬಂದಿಲ್ಲ

ಶಿರಾದಲ್ಲಿ ಡಿಪ್ಲೊಮಾ ಓದುವ ನಮ್ಮ ಮೂವರ ತಂಡದಲ್ಲಿ ಕೋಡ್ ಬರೆಯುವುದು ಸಮ್ರೀನ್ ಎಂಬ ನಾನು. ಬೈಯುವ ಗುತ್ತಿಗೆಯೂ ನನ್ನದೇ. ಸದ್ದು ಅತೀಕನದು, ಚಿತ್ರ ಮುತ್ತುರಾಜನದು. ನಮ್ಮ ಮೊದಲ ವಿಡಿಯೋ ಗೇಮ್‌ನಲ್ಲಿ ಸೋಲಾರ್ ಪ್ಯಾನೆಲ್‌ಗಳ ನಡುವೆ ಮೇಯುವ ಕುರಿಗಳನ್ನು ಕತ್ತಲಾಗುವುದರೊಳಗೆ ಬೇಲಿ ಕಟ್ಟಿದ ರೊಪ್ಪಕ್ಕೆ ಸೇರಿಸಬೇಕು.

ಆ ಕುರಿಗಳೆಲ್ಲ ವಳ್ಳೂರಿನಲ್ಲಿರುವ ಮುತ್ತುರಾಜನ ಅಜ್ಜಿ ಈಶ್ವರಮ್ಮನವರವು. ಮಂಡಿನೋವು ಹೆಚ್ಚಾಗಿ ಮಂದೆ ಮಾರಿದ ಮೇಲೆ ಅಜ್ಜಿ ಮಂಕಾಗಿಬಿಟ್ಟಿದ್ದರು. ಮುತ್ತುರಾಜ ಒಂದೊಂದು ಕುರಿಯನ್ನೂ ನೆನಪಿನಿಂದಲೇ ಬರೆದಿದ್ದ. ಕಾಲೇಜಿನಲ್ಲಿ ತೋರಿಸುವ ಮೊದಲು ಅಜ್ಜಿಯೇ ಆಡಬೇಕೆಂದು ಹಟ ಹಿಡಿದ.

"ಅಜ್ಜಿ ಒಂದ್ಸಲ ನಗಲಿ ಕಣಮ್ಮ. ಮಾರ್ಕ್ಸ್ ಆಮೇಲೆ ನೋಡ್ಕೊಳ್ಳಾನ."

ಭಾನುವಾರ ಲ್ಯಾಪ್‌ಟಾಪ್ ಹೊತ್ತು ವಳ್ಳೂರಿಗೆ ಹೋದೆವು. ಅತೀಕ ಉತ್ಸಾಹದಿಂದ ಪರದೆಯ ಮೂಲೆ ತೋರಿಸಿದ. "ಅಜ್ಜಿ, ಎಷ್ಟು ಕುರಿ ಬಂತು ಅಂತ ಇದೇ ಎಣಿಸ್ತದೆ."

ಅಜ್ಜಿ ಕೈ ಹಿಂದಕ್ಕೆಳೆದುಕೊಂಡರು. "ಕುರಿ ಎಣಿಸ್ಬಾರ್ದು ಕಣ್ಲಾ, ದಿಷ್ಟಿ ತಾಕ್ತದೆ. ತೆಗಿ ಅದನ್ನ."

"ಎಣಿಸ್ದೆ ಹೆಂಗಜ್ಜಿ ಗೊತ್ತಾಗೋದು?" ಎಂದೆ.

"ಮಖ ನೋಡುದ್ರೆ ಗೊತ್ತಾಗಕಿಲ್ವಾ?"

ಮುತ್ತುರಾಜ ಹಣೆ ಚಚ್ಚಿಕೊಂಡ. ತನ್ನ ಮನೆಯ ಪದ್ಧತಿಯನ್ನೇ ಮರೆತ ಮಹಾಶಯ! ಆ ಲೆಕ್ಕ ಕೂರಿಸಲು ನಾನು ಪಟ್ಟ ಪಾಡು ನನಗೇ ಗೊತ್ತು. ಹಲ್ಲು ಕಚ್ಚಿಕೊಂಡು ತೆಗೆದೆ.

ಅಜ್ಜಿ ಆಡಿದರು. ರೊಪ್ಪದ ಹತ್ತಿರ ಬಂದವರು ತಟ್ಟನೆ ನಿಂತರು. "ಚುಕ್ಕಿ ಬಂದಿಲ್ಲ."

ನಿಜ. ನನ್ನದೇ ಕೋಡ್‌ನ ತಪ್ಪಿನಿಂದ ಚುಕ್ಕಿ ಎಂಬ ಕುರಿ ಯಾವುದೋ ಪ್ಯಾನೆಲ್ ಹಿಂದೆ ಸಿಕ್ಕಿಕೊಂಡಿತ್ತು. ಅಜ್ಜಿ ಹುಡುಕಲು ಹಿಂದಕ್ಕೆ ತಿರುಗಿದರು. ಪರದೆಯ ಆಕಾಶ ಕಪ್ಪಾಗುತ್ತಾ ಬಂತು. ಮುಂದೇನಾಗುತ್ತದೆಂದು ನನಗೆ ಗೊತ್ತಿತ್ತು. 'ನೀವು ಸೋತಿರಿ' ಎಂದು ದಪ್ಪಕ್ಷರ ಮೂಡಿತು. ಮುತ್ತುರಾಜ ಗೋಡೆ ಕಡೆ ಮುಖ ಮಾಡಿದ.

ಅಜ್ಜಿಗೆ ಓದಲು ಬರುವುದಿಲ್ಲ. ಅವರು ಗುಂಡಿ ಒತ್ತುತ್ತಲೇ ಇದ್ದರು. ಅತೀಕ ಸೇರಿಸಿದ್ದ ಕುರಿಯ ಕೂಗು ಮಾತ್ರ ನಿಂತಿರಲಿಲ್ಲ.

"ಕತ್ತಲಾದ್ರೇನು, ಕೂಗ್ತಾ ಐತಲ್ಲ. ಬಂದೆ ಇರವ್ವ ಚುಕ್ಕಿ, ನಿನ್ನ ಬುಟ್ಟು ಹೋಗಕಿಲ್ಲ."

ನನಗೆ ತಡೆಯಲಾಗಲಿಲ್ಲ. ಒಮ್ಮೆ ಕಳೆದುಕೊಂಡ ಕುರಿಯನ್ನು ಅವರಿಂದ ಇನ್ನೊಮ್ಮೆ ಕಿತ್ತುಕೊಳ್ಳಲು ನಾನ್ಯಾರು? ಲ್ಯಾಪ್‌ಟಾಪ್ ಎಳೆದುಕೊಂಡು ಚುಕ್ಕಿಯನ್ನು ಬಿಡಿಸಿದೆ, ಸೋಲುವ ನಿಯಮವನ್ನೇ ಅಳಿಸಿದೆ.

"ಸೋಲೇ ಇಲ್ದಿದ್ರೆ ಸರ್ ಇದನ್ನ ಗೇಮ್ ಅಂತಾರಾ?" ಅತೀಕ ಪಿಸುಗುಟ್ಟಿದ.

"ಅನ್ನದಿದ್ರೆ ಬುಡು," ಎಂದೆ.

ಅಜ್ಜಿ ಕತ್ತಲಲ್ಲೇ ಕೂಗಿನ ಜಾಡು ಹಿಡಿದು ಹೋದರು, ಚುಕ್ಕಿಯನ್ನು ಕರೆತಂದರು. ನಗಲಿಲ್ಲ. "ಇಷ್ಟೊತ್ತು ಎಲ್ಲಿ ಸತ್ತಿದ್ದೆಯೇ ಬಿಕನಾಸಿ" ಎಂದು ಪರದೆಗೆ ಬಾಯ್ತುಂಬಾ ಬೈದರು. ಆಮೇಲೆ ನನ್ನನ್ನು ಕೇಳಿದರು: "ಬಾಗ್ಲು ಹಾಕೋ ಗುಂಡಿ ಯಾವುದವ್ವ?"

ರೊಪ್ಪಕ್ಕೆ ಬಾಗಿಲನ್ನೇ ನಾವು ಇಟ್ಟಿರಲಿಲ್ಲ. ಮುತ್ತುರಾಜ ಕಣ್ಣೊರೆಸಿಕೊಂಡು ಅಲ್ಲೇ ತನ್ನ ಫೋನಿನಲ್ಲಿ ಬಾಗಿಲು ಬರೆಯಲು ಕುಳಿತ. ಅದು ಮುಗಿಯುವವರೆಗೂ ಅಜ್ಜಿ ಲ್ಯಾಪ್‌ಟಾಪ್ ಬಿಟ್ಟು ಕದಲಲಿಲ್ಲ, ಕುರಿ ಕಾಯುತ್ತಾ ಕೂತರು.